ಮದೀರ್ ಬರುವವರೆಗೆ

ಎಡಗಿವಿಯ ಹಿಂದೆ ಮೊದಲು ಹತ್ತಿಕೊಂಡಿತು, ಚುರ್ ಅಂತ, ಅಲ್ಲೇ ಎಲ್ಲೋ ಉಗುರು ತಾಗಿರಬೇಕು, ನಿದ್ದೆಯಲ್ಲಿ ಕೆರೆದುಕೊಂಡಿರಬೇಕು ನಾನು, ಚಿಕ್ಕಂದಿನ ಪಾಠ ಮರೆತೇಹೋಗಿದೆ ನೋಡು — ಶನಿವಾರ ಗುಂಗುರು ನೆಟ್ಟಗಾಗಿಸುವ ಕ್ರೀಮು ಹಚ್ಚುವುದಿದ್ದರೆ ಆ ವಾರವೆಲ್ಲ ತಲೆಗೆ ಕೈ ಹಾಕಬಾರದು, ಕೆರೆದಲ್ಲೆಲ್ಲ ಚರ್ಮ ಬಾಯಿ ಬಿಟ್ಟಿರುತ್ತದೆ, ಕ್ರೀಮು ಹುಡುಕಿಕೊಂಡು ಅಲ್ಲಿಗೇ ಹೋಗುತ್ತದೆ, ಅಮ್ಮ ಊಟದ ಮೇಜಿನ ಆಚೆಯಿಂದಲೇ ಕೈಗೆ ಫಟ್ ಅಂತ ಕೊಡುತ್ತಿದ್ದಳು, ಕೆರ್ಕೋಬೇಡ ಅಂದ್ನಲ್ಲ ರೊಷೆಲ್, ಆಮೇಲೆ ಉರಿ ಉರಿ ಅಂತ ಕುಣೀತೀಯ, ಆಗ ನನ್ ಹತ್ರ ಬರ್ಬೇಡ. ರೊಷೆಲ್. ಅಮ್ಮನ ಬಾಯಲ್ಲಿ ಆ ಹೆಸರು ಕೇಳಿ ಎಷ್ಟು ಕಾಲವಾಯಿತು, ಬೈಗುಳದ ಜೊತೆಗೇ ಬರಲಿ, ಏಟಿನ ಜೊತೆಗೇ ಬರಲಿ, ಬರಲಿ. ಸುಡ್ತಾ ಇದ್ಯೇನೇ, ಅಂತ ಕುರ್ಚಿಯ ಹಿಂದೆ ನಿಂತ ಪಾರ್ಲರಿನ ಗ್ಲೆಂಡಾ ಕೇಳುತ್ತಾಳೆ, ಕೈಗವಸಿನ ಬೆರಳು ನೆತ್ತಿಯ ಮೇಲೆ ಓಡಾಡುತ್ತಲೇ ಇದೆ, ಇಲ್ಲ ಅನ್ನುತ್ತೇನೆ, ಸುಳ್ಳು ಹೇಳ್ಬೇಡ, ಕಣ್ಣಲ್ಲಿ ನೀರಿದೆ, ತೊಳೆದುಬಿಡ್ಲಾ, ಬೇಡ, ಇನ್ನೂ ಬೇಡ, ಹಿಡಿಯಲಿ, ಪೂರ್ತಿ ಹಿಡಿಯಲಿ, ನಿನ್ನ ಅಡುಗೆಮನೆ ಇನ್ನೂ ಹಟ ಮಾಡ್ತಿದೆ ಕಣೆ, ಅಂತ ಕತ್ತಿನ ಹಿಂದೆ ಇನ್ನಷ್ಟು ಬಳಿಯುತ್ತಾಳೆ. ಕತ್ತಿನ ಹಿಂದಿನ ಆ ಕೂದಲ ಗುಂಜಿಗೆ ನಾವು ಕಪ್ಪು ಹೆಂಗಸರು ಅಡುಗೆಮನೆ ಅನ್ನುತ್ತೇವೆ, ಯಾವ ಪುಣ್ಯಾತ್ಗಿತ್ತಿ ಇಟ್ಟ ಹೆಸರೋ, ಇಡೀ ತಲೆ ಶರಣಾದರೂ ಅದೊಂದು ಮೂಲೆ ಆಗುವುದಿಲ್ಲ, ಸುರುಳಿ ಸುತ್ತಿಕೊಂಡು ಕೂತೇ ಇರುತ್ತದೆ. ಇದೇ ಗ್ಲೆಂಡಾ, ನಾನು ಕ್ರೀಮು ಬಿಡುತ್ತೇನೆ ಅಂದ ದಿನ, ಇಡೀ ಅಂಗಡಿಗೆ ಕೇಳುವ ಹಾಗೆ ನಕ್ಕಿದ್ದಳು, ಕೇಳ್ರಮ್ಮ, ಇವಳು ಹುಟ್ಟುಗೂದಲು ಬೆಳೆಸ್ತಾಳಂತೆ, ಈಸ್ಟರ್ ಹೊತ್ತಿಗೆ ಓಡ್ಬರ್ತಾಳೆ, ಕುರ್ಚಿ ಖಾಲಿ ಇಟ್ಟಿರ್ತೀನಿ. ಇವತ್ತು ನಾನಾಗಿಯೇ ಬಂದು ಕೂತಾಗ ಗೆದ್ದವಳ ನಗು ನಗಬೇಕಿತ್ತು, ನಗಲಿಲ್ಲ. ನನ್ನ ಸುರುಳಿಯೊಂದನ್ನು ಎಳೆದು ಬಿಟ್ಟಳು, ಅದು ಚಿಮ್ಮಿ ತನ್ನ ಜಾಗಕ್ಕೆ ಹೋಯಿತು, ಇಷ್ಟ್ ಚೆನ್ನಾಗ್ ಬಂದಿದ್ಯಲ್ಲೇ, ಯಾಕೆ ಹಾಳ್ ಮಾಡ್ಕೋತೀಯ, ಅಂದಳು. ಅಮ್ಮನಿಗೋಸ್ಕರ, ಅಂದೆ. ಅರ್ಲೀನಮ್ಮನಿಗೆ ಈಗ ಇದೆಲ್ಲ ಗೊತ್ತಾಗುತ್ತಾ ಅಂತ ಕೇಳಲು ಬಾಯಿ ತೆರೆದವಳು ಕೇಳದೆ ಡಬ್ಬಿ ಬಿಚ್ಚಿದಳು.

ಗೊತ್ತಾಗುತ್ತದೆ, ಅದೇ ಸಂಕಟ, ಕೂದಲೊಂದೇ ಗೊತ್ತಾಗುವುದು ಅವಳಿಗೆ, ತಮ್ಮ ಥರ್ಮನ್‌ನ ತಲೆಯಲ್ಲಿ ಒಂದೆಳೆಯೂ ಇಲ್ಲ, ಆ ಬೋಳೇ ಅವನ ಗುರುತು, ಹಿತ್ತಾಳೆ ಗುಂಡಿಯ ಹಾಗೆ ಹೊಳೆಯುತ್ತಾನೆ, ವರ್ಷಕ್ಕೊಮ್ಮೆ ಅಟ್ಲಾಂಟಾದಿಂದ ಬಂದು ಬಾಗಿಲಲ್ಲಿ ನಿಂತರೆ ಸಾಕು, ಬಂದ್ಯಾ ಮಗನೇ, ಊಟ ಮಾಡಿದ್ಯಾ, ಎಲ್ಲ ಸರಿಯಾಗಿ ಬರುತ್ತದೆ ಬಾಯಲ್ಲಿ, ದಿನಾ ಒರೆಸಿ ಉಣ್ಣಿಸಿ ಬಟ್ಟೆ ಬದಲಾಯಿಸುವ ನಾನು ಮಾತ್ರ ಯಾರೂ ಅಲ್ಲ, ತಮ್ಮ ಫೋನಿನಲ್ಲಿ ಸಮಾಧಾನ ಹೇಳುತ್ತಾನೆ, ಅಕ್ಕ, ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡ, ಹಚ್ಚಿಕೊಳ್ಳದೆ ಇರಲು ಮನಸ್ಸೇನು ಮೇಜೇ. ಕ್ರೀಮು ಬಿಟ್ಟ ಹೊಸದರಲ್ಲಿ ಅಮ್ಮ ಇನ್ನೂ ಅಮ್ಮನೇ ಆಗಿದ್ದಳು, ಚರ್ಚಿನಿಂದ ಬಂದು ಹ್ಯಾಟು ತೆಗೆಯುವ ಮೊದಲೇ ನನ್ನ ಕೂದಲ ಬುಡದ ಕಡೆ ಕಣ್ಣು, ಏನದು ಬೆಳೀತಿರೋದು, ಮೈ ಹುಷಾರಿಲ್ವಾ, ಆಫೀಸಲ್ಲಿ ಏನೂ ಅನ್ನಲ್ವಾ, ಈ ತಲೆ ಹೊತ್ಕೊಂಡು ನನ್ ಪಕ್ಕ ಕೂತ್ಕೋಬೇಡ ಭಾನುವಾರ, ನಾನು ಬೆನ್ನು ಮುರ್ಕೊಂಡು ನಿಂತು ನಿನ್ನ ಕೂದಲು ನೆಟ್ಟಗೆ ಮಾಡಿದ್ದು ಇದಕ್ಕಾ. ಬುಡದಲ್ಲಿ ಗುಂಗುರು, ತುದಿಯಲ್ಲಿ ನೆಟ್ಟಗೆ, ಒಂದೇ ಎಳೆಯಲ್ಲಿ ಇಬ್ಬರು ಹೆಂಗಸರು, ಎರಡೂ ಸೇರುವ ಕಡೆ ಮುಟ್ಟಿದರೆ ತುಂಡಾಗುತ್ತಿತ್ತು, ದಿಂಬಿನ ಮೇಲೆ, ಬಾಚಣಿಗೆಯಲ್ಲಿ, ಸಿಂಕಿನಲ್ಲಿ ಚೂರು ಚೂರು. ಅದೇ ಹೊತ್ತಿಗೆ ಅಮ್ಮನ ಮಾತೂ ತುಂಡಾಗತೊಡಗಿತು, ಒಲೆ ಆರಿಸುವುದು ಮರೆತಳು, ಬೆಂಡೆಕಾಯಿ ತಳ ಹಿಡಿದು ಕರಕಲಾಯಿತು, ಅಪ್ಪ ಸತ್ತದ್ದು ಮರೆತು ತಟ್ಟೆ ಹಾಕಿದಳು, ಒಮ್ಮೆ ನನ್ನನ್ನೇ ರೊಷೆಲ್‌ಗೆ ಫೋನ್ ಮಾಡಿ ಕೊಡಿ ಅಂದಳು, ತಮಾಷೆ ಅಂದುಕೊಂಡು ಪಕ್ಕದ ಕೋಣೆಗೆ ಹೋಗಿ ಫೋನೆತ್ತಿ ಮಾತಾಡಿದೆ, ಇಬ್ಬರೂ ಚೆನ್ನಾಗಿ ಮಾತಾಡಿದೆವು, ನಾನು ಬಚ್ಚಲಿಗೆ ಹೋಗಿ ಅತ್ತೆ. ಆ ಬಚ್ಚಲಿನಲ್ಲೇ ಒಂದು ದಿನ ಕತ್ತರಿ ಹಿಡಿದು ನೆಟ್ಟಗಿದ್ದುದನ್ನೆಲ್ಲ ಕತ್ತರಿಸಿ ಹಾಕಿದೆ, ಬೆನ್ನವರೆಗೆ ಇಳಿಯುತ್ತಿದ್ದ ಕೂದಲು ನೆಲದ ಮೇಲೆ ಬಿದ್ದಿತ್ತು, ತಲೆ ಹಗುರ, ಕತ್ತು ಹಗುರ, ಕನ್ನಡಿಯಲ್ಲಿ ಇದ್ದವಳನ್ನು ಮುಟ್ಟಿ ಮುಟ್ಟಿ ನೋಡಿದೆ, ಹುಟ್ಟಿದಾಗ ಇದ್ದ ಕೂದಲನ್ನು ಐವತ್ತರ ಮೇಲೆ ಮೊದಲ ಸಲ ಮುಟ್ಟುವುದು ಅಂದರೇನು, ಯಾರಿಗೆ ಹೇಳಲಿ, ಸಂತೋಷವಾಗಿತ್ತು, ನಿಜ, ತುಂಬ ಸಂತೋಷವಾಗಿತ್ತು, ಹಾಗೆಯೇ ಹೊರಗೆ ಬಂದೆ ಬೈಸಿಕೊಳ್ಳಲು ತಯಾರಾಗಿ. ಅಮ್ಮ ತಲೆಯೆತ್ತಿದಳು. ಅವಳ ಮುಖ ಅರಳಿದ್ದು — ಅಷ್ಟು ಅರಳಿದ್ದನ್ನು ನಾನು ಕಂಡೇ ಇರಲಿಲ್ಲ, ನಾನು ಹುಟ್ಟಿದಾಗಲೂ ಹಾಗೆ ಅರಳಿರಲಾರಳು — ಮದೀರ್, ಅಂದಳು, ಎಲ್ಲಿಗೋಗಿದ್ದೆ ಮದೀರ್, ನಾನು ಕಾಯ್ತಾನೇ ಇದ್ದೆ.

ಮದೀರ್ ಅಂದರೆ ಅವಳ ಅಮ್ಮ, ನನ್ನ ಅಜ್ಜಿ, ಮದರ್ ಡಿಯರ್ ಅನ್ನುವುದು ಮಕ್ಕಳ ಬಾಯಲ್ಲಿ ಸವೆದು ಸವೆದು ಮದೀರ್ ಆದದ್ದು, ನಾನು ಹುಟ್ಟುವ ಮೊದಲೇ ಹೋದವಳು, ಒಂದು ಮಾಸಿದ ಫೋಟೋದಲ್ಲಿ ಬೆಳ್ಳಗಿನ ಏಪ್ರನ್ನು ಹಾಕಿ ನಿಂತಿದ್ದಾಳೆ, ತಲೆಯ ಸುತ್ತ ಕಪ್ಪು ಗುಂಗುರು. ನಾನು ಮದೀರ್ ಅಲ್ಲಮ್ಮ, ರೊಷೆಲ್, ಅಂದೆ ಮೊದಮೊದಲು, ಪ್ರತಿ ಸಲವೂ ಅಂದೆ, ಆ ಮುಖದಿಂದ ಬೆಳಕು ಇಳಿದುಹೋಗುವುದನ್ನು ನೋಡಲಾರದೆ ಬಿಟ್ಟೆ. ಬಿಟ್ಟ ಮೇಲೆ ಸುಖವೂ ಇತ್ತು ಸುಳ್ಳೇಕೆ, ನಾನು ಸೋಫಾದ ಮೇಲೆ ಕೂತರೆ ಸಾಕು, ಎಂಬತ್ತರ ಮುದುಕಿ ಮಂಡಿ ಹಿಡಿದುಕೊಂಡು ನರಳುತ್ತ ನೆಲಕ್ಕಿಳಿದು ನನ್ನ ಕಾಲುಗಳ ನಡುವೆ ಬೆನ್ನು ಕೊಟ್ಟು ಕೂರುತ್ತಾಳೆ, ಬಾಚಣಿಗೆ ಹೆಗಲ ಮೇಲಿಂದ ಹಿಂದಕ್ಕೆ ಚಾಚುತ್ತಾಳೆ, ನಿಧಾನ ಮದೀರ್, ಎಳೀಬೇಡ ಮದೀರ್, ಅವಳ ಹತ್ತಿಯಂಥ ಬಿಳಿಗೂದಲು, ಕಾಯಿಲೆಯಾದ ಮೇಲೆ ಕ್ರೀಮು ಕಾಣದೆ ಬುಡದಿಂದ ತುದಿಯವರೆಗೆ ನನ್ನದೇ ಥರದ್ದು, ಬೈತಲೆ ತೆಗೆದು, ನೆತ್ತಿಗೆ ಎಣ್ಣೆ ಹಚ್ಚಿ, ಹೆಣೆಯುತ್ತೇನೆ, ಅವಳು ನನ್ನ ತೊಡೆಗೆ ಕೆನ್ನೆ ಆನಿಸಿಕೊಂಡು ಅರೆನಿದ್ದೆಯಲ್ಲಿ ಮಾತಾಡುತ್ತಾಳೆ. ಆ ಮಾತೇ ನನ್ನನ್ನು ಈ ಕುರ್ಚಿಗೆ ತಂದು ಕೂರಿಸಿದ್ದು. ನನ್ನ ಹುಡುಗಿ ಬರೋದೇ ಬಿಟ್ಲು ಮದೀರ್. ಯಾವ ಹುಡುಗಿ, ಅಂತ ಕೇಳಿದೆ, ಕೈ ನಿಂತಿತ್ತು. ರೊಷೆಲ್, ನನ್ ರೊಷೆಲ್, ಉದ್ದ ಕೂದಲು ಅವಳ್ದು, ನೆಟ್ಟಗೆ, ಬೆನ್ನ ಮೇಲೆ ಬೀಳ್ತಿತ್ತು, ನಾನೇ ಮಾಡ್ತಿದ್ದೆ, ನಾನೇನೋ ಅಂದ್ಬಿಟ್ಟೆ ಅವಳಿಗೆ ಮದೀರ್, ಏನಂದೆ ಅಂತ ನೆನಪಿಲ್ಲ, ಕೋಪ ಮಾಡ್ಕೊಂಡು ಹೋದ್ಲು, ಬಂದ್ರೆ ಏನೂ ಅನ್ನಲ್ಲ ಅಂತ ಹೇಳು. ಇಲ್ಲೇ ಇದ್ದೀನಮ್ಮ, ಅಂದೆ, ನಿನ್ನ ತಲೆ ಹಿಡ್ಕೊಂಡು ಕೂತಿದ್ದೀನಿ, ಅವಳಿಗೆ ಅದು ಮದೀರ್ ಆಡಿದ ಮಾತು, ಹೌದು ಮದೀರ್, ಅಂದು ಅಳತೊಡಗಿದಳು, ನನಗೋಸ್ಕರ ನನ್ನೆದುರಿಗೇ, ಮರುದಿನವೂ, ಅದರ ಮರುದಿನವೂ. ಸತ್ತ ಮಗಳಿಗೂ ಯಾರೂ ಹಾಗೆ ಅಳುವುದಿಲ್ಲ, ನಾನು ಬದುಕಿದ್ದೇನೆ, ಬೇಕಾದ್ದು ಕೂದಲು ತಾನೇ, ಕೂದಲು ಕೊಟ್ಟರಾಯಿತು. ಒಂದೇ ಒಂದು ಸಲ ರೊಷೆಲ್ ಅನ್ನಲಿ, ಬಂದ್ಯಾ ಅನ್ನಲಿ, ನೀನೇನೂ ಅಂದಿರಲಿಲ್ಲಮ್ಮ ಅಂತ ನಾನು ಹೇಳಬೇಕು, ಅದನ್ನು ರೊಷೆಲ್ ಆಗಿ ಹೇಳಬೇಕು, ಮದೀರ್ ಆಗಿ ಹೇಳಿದರೆ ಆಗುವುದಿಲ್ಲ.

ತಣ್ಣೀರು ನೆತ್ತಿಗೆ ಬಿದ್ದಾಗ ಹಲ್ಲು ಕಚ್ಚಿದೆ, ಗ್ಲೆಂಡಾ ಬಾಚಿದಳು, ಒಣಗಿಸಿದಳು, ಬಾಚಣಿಗೆ ಬುಡದಿಂದ ತುದಿಗೆ ಎಲ್ಲೂ ನಿಲ್ಲದೆ ಜಾರಿತು, ಆ ಜಾರುವುದನ್ನು ಮೈ ಮರೆತಿರಲಿಲ್ಲ, ಬೆನ್ನವರೆಗೆ ಇಲ್ಲ, ಭುಜಕ್ಕೆ ಬಂದಿದೆ, ಸಾಕು, ಗುರುತು ಸಿಗುತ್ತದೆ. ಕನ್ನಡಿಯಲ್ಲಿ ಹಳಬಳು ಕೂತಿದ್ದಾಳೆ, ಕಿವಿಯ ಹಿಂದೆ ಕೆಂಪಗೆ ಹುಣ್ಣು, ವ್ಯಾಸಲಿನ್ ಹಚ್ಕೋ ರಾತ್ರಿ, ಅಮ್ಮನ್ನ ಕೇಳ್ದೆ ಅಂತ ಹೇಳು, ಅಂತ ಗ್ಲೆಂಡಾ ನನ್ನ ಮುಖ ನೋಡದೆಯೇ ನೆಲ ಗುಡಿಸತೊಡಗಿದಳು. ಕಾರಿನಲ್ಲಿ ಕಿಟಕಿ ಇಳಿಸಿದರೆ ಕೂದಲು ಬಾಯಿಗೆ ಬಂತು, ಇದೊಂದನ್ನು ಮರೆತಿದ್ದೆ, ನನ್ನ ಗುಂಗುರು ಗಾಳಿಗೆ ಜಗ್ಗುತ್ತಿರಲಿಲ್ಲ. ಏನು ಹೇಳಲಿ ಮೊದಲು, ಅಮ್ಮಾ ನಾನು, ಅನ್ನಲೇ, ಸುಮ್ಮನೆ ನಿಂತು ಅವಳೇ ಹೇಳಲಿ ಎಂದು ಕಾಯಲೇ, ಕಾಯುತ್ತೇನೆ, ಅವಳ ಬಾಯಿಂದಲೇ ಬರಲಿ, ದಾರಿಯಲ್ಲಿ ಪೀಚ್ ಹಣ್ಣು ಕೊಂಡೆ, ಹಳೆಯ ರೊಷೆಲ್ ಬರುವಾಗ ಖಾಲಿ ಕೈಯಲ್ಲಿ ಬರುತ್ತಿರಲಿಲ್ಲ, ನಗು ಬಂತು, ನನ್ನ ವೇಷ ನಾನೇ ಹಾಕಿಕೊಂಡು ನನ್ನ ಮನೆಗೆ ಹೊರಟಿದ್ದೇನೆ. ಜಗಲಿಯಲ್ಲಿ ಪಕ್ಕದ ಮನೆಯ ಓಪಲಮ್ಮ ಬೀಸಣಿಗೆ ಹಿಡಿದು ಕೂತಿದ್ದಳು, ನಾನಿಲ್ಲದಾಗ ಅಮ್ಮನನ್ನು ನೋಡಿಕೊಳ್ಳುವವಳು, ನನ್ನ ತಲೆ ನೋಡಿ ಬೀಸಣಿಗೆ ನಿಲ್ಲಿಸಿದಳು, ಅಯ್ಯೋ ಮಗಳೇ, ಏನ್ ಮಾಡ್ಕೊಂಡೆ, ಬೆಳಗ್ಗೆ ನೀನು ಅರ್ಧ ಹೆಣೆದು ಎದ್ದು ಹೋದ್ಯಲ್ಲ, ಆಗಿಂದ ನಿನ್ನಮ್ಮ ಮಿಕ್ಕಿದ್ದು ಮುಟ್ಟೋಕೆ ನಂಗೆ ಬಿಟ್ಟಿಲ್ಲ, ಮದೀರೇ ಮುಗಿಸ್ಬೇಕಂತೆ. ಗ್ಲೆಂಡಾಳ ಅಂಗಡಿಗೆ ಹೊತ್ತಾಯಿತೆಂದು ಹೊರಟುಬಿಟ್ಟಿದ್ದೆ, ಈಗ್ಲೇ ಬಂದ್ಬಿಡ್ತೀನಿ ಅಂತ ಅಮ್ಮನಿಗೆ ಅಂದಿದ್ದೆ. ಒಳಗೆ ಹೋಗ್ತೀನಿ, ಅಂದೆ.

ಜಾಲರಿ ಬಾಗಿಲು ತಳ್ಳಿದೆ, ಬೆನ್ನ ಹಿಂದೆ ಇಳಿಬಿಸಿಲು, ನನ್ನ ನೆರಳು ನನಗಿಂತ ಮೊದಲು ಒಳಗೆ ಹೋಗಿ ಬಿತ್ತು, ಭುಜದ ಮೇಲೆ ಅಲ್ಲಾಡುವ ಕೂದಲಿನ ನೆರಳು, ಅಮ್ಮ ನೆಲದ ಮೇಲೆಯೇ ಇದ್ದಳು, ಖಾಲಿ ಸೋಫಾಗೆ ಬೆನ್ನು ಕೊಟ್ಟು, ತಲೆಯ ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಳಿಗೂದಲು ಬಿಚ್ಚಿಕೊಂಡು. ನೋಡಿದಳು. ಮುಖವನ್ನಲ್ಲ, ಕೂದಲನ್ನು ನೋಡಿದಳು, ನಾನು ಕಾದೆ, ಉಸಿರು ಹಿಡಿದು ಕಾದೆ, ಹೇಳಮ್ಮ, ಹೇಳು. ಅವಳು ಸೋಫಾ ಹಿಡಿದು ಕಷ್ಟಪಟ್ಟು ಎದ್ದಳು, ನಾನು ಕೈ ಚಾಚಿದರೆ ಹಿಂದಕ್ಕೆ ಸರಿದಳು, ಲಂಗ ಸರಿಮಾಡಿಕೊಂಡಳು, ಕೈ ಕಟ್ಟಿದಳು, ಮ್ಯಾಮ್, ಅಂದಳು, ಮಗುವಿನ ದನಿಯಲ್ಲಿ. ಮದೀರ್ ಇಲ್ಲ ಮ್ಯಾಮ್, ಈಗ ಬರ್ತಾಳೆ, ಇವತ್ತು ಅವಳನ್ನ ಕರ್ಕೊಂಡು ಹೋಗ್ಬೇಡಿ ಮ್ಯಾಮ್, ನನ್ ತಲೆ ಇನ್ನೂ ಅರ್ಧ ಇದೆ. ನನ್ನನ್ನು ಯಾರೆಂದುಕೊಂಡಳೆಂದು ಗೊತ್ತಾಯಿತು ನನಗೆ, ದೊಡ್ಡ ಮನೆಯ ಬಿಳಿ ಹೆಂಗಸು, ಮದೀರ್ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದದ್ದು ಅವಳ ಮನೆಯಲ್ಲಿ, ನೆಂಟರು ಬಂದರೆಂದು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಹೀಗೇ ಬಾಗಿಲಲ್ಲಿ ನಿಲ್ಲುತ್ತಿದ್ದಳಂತೆ, ಭುಜದ ಮೇಲೆ ನೆಟ್ಟಗಿನ ಕೂದಲು, ಮದೀರ್ ಮಗಳ ತಲೆಯಲ್ಲೇ ಬಾಚಣಿಗೆ ಸಿಕ್ಕಿಸಿಟ್ಟು ಎದ್ದು ಹೋಗುತ್ತಿದ್ದಳಂತೆ, ಅರ್ಧ ತಲೇಲೇ ಸ್ಕೂಲಿಗೆ ಹೋಗ್ತಿದ್ದೆ ಕಣೆ, ಅಂತ ಅಮ್ಮ ಒಮ್ಮೆ ನಕ್ಕು ಹೇಳಿದ್ದಳು, ನನ್ನ ತಲೆಗೆ ಕ್ರೀಮು ಬಳಿಯುತ್ತ, ನಾನೂ ನಕ್ಕಿದ್ದೆ. ಅಮ್ಮಾ, ನಾನು ರೊಷೆಲ್, ಅಂದೆ, ನೋಡು, ನನ್ನ ಕೈ ನೋಡು, ನಿನ್ನ ಬಣ್ಣವೇ, ಎರಡು ಹೆಜ್ಜೆ ಒಳಗಿಟ್ಟೆ, ಅವಳು ಗೋಡೆಗೆ ಒತ್ತಿಕೊಂಡಳು, ಯೆಸ್ ಮ್ಯಾಮ್, ಅಂದಳು, ನಾನು ಏನು ಹೇಳಿದರೂ ಅಷ್ಟೇ, ಊಟ ಮಾಡಿದ್ಯಾ, ಯೆಸ್ ಮ್ಯಾಮ್, ನನ್ನ ಗುರುತು ಸಿಕ್ಕಿತಾ, ಯೆಸ್ ಮ್ಯಾಮ್, ಎರಡು ಕೈಯಲ್ಲೂ ತಲೆ ಹಿಡಿದುಕೊಂಡೆ, ಎಲ್ಲಾದರೂ ಒಂದು ಗುಂಗುರು ಉಳಿದಿದ್ದರೆ ಎಂದು ಕತ್ತಿನ ಹಿಂದೆ ತಡಕಾಡಿದೆ, ಎಲ್ಲ ಜಾರಿತು, ಮದೀರ್ ಎಲ್ಲಿಂದ ಬರಬೇಕು ಈಗ, ಇವಳಿಗೆ ಯಾರನ್ನು ತಂದು ಕೊಡಲಿ, ಬುಡದಿಂದ ಮತ್ತೆ ಬರಲು ಎಷ್ಟು ಕಾಲ ಬೇಕು, ಇವಳಿಗೆ ಅಷ್ಟು ಕಾಲ ಇದೆಯೇ, ಅಮ್ಮಾ ತಲೆ ಎತ್ತು, ನನ್ನೆದುರು ಹಾಗೆ ನಿಲ್ಲಬೇಡ, ನಿನ್ನ ಮಗಳ ಎದುರು ಹಾಗೆ ನಿಲ್ಲಬೇಡ, ಯೆಸ್ ಮ್ಯಾಮ್, ಅನ್ನುತ್ತಾಳೆ, ಎತ್ತುವುದಿಲ್ಲ, ಬಿಚ್ಚಿದ ಅರ್ಧ ಕೂದಲು ಮುಖದ ಮೇಲೆ ಬಿದ್ದಿದೆ, ನನ್ನಮ್ಮ ನನ್ನೆದುರು ಕೈಕಟ್ಟಿ ತಲೆ ತಗ್ಗಿಸಿ ನಿಂತಿದ್ದಾಳೆ, ಕೈಕಟ್ಟಿ, ತಲೆ ತಗ್ಗಿಸಿ.