ಕಬ್ಬಿನಹಾಲಿನವನ ಬಾಯಾರಿಕೆ

ಸುಮ್ಮನೆ ನಿಲ್ಲುವುದು ನನ್ನ ಜಾಯಮಾನದಲ್ಲೇ ಇಲ್ಲ. ಬಳ್ಳಾರಿಯ ಒಂದು ಲೇತ್ ಅಂಗಡಿಯಲ್ಲಿ ನನ್ನ ಉಕ್ಕಿನ ಉರುಳೆಗಳನ್ನು ಜೋಡಿಸಿದ ದಿನ ಮೇಸ್ತ್ರಿ ಕಬ್ಬಿಲ್ಲದೆ ಬರಿದೇ ತಿರುಗಿಸಿ ನೋಡಿದ. ನಾನು ಕಿರ್ರೆಂದು ಕೂಗಿದೆ. "ಇದಕ್ಕ ಈಗ್ಲೇ ಹಸಿವು ನೋಡ್ರಿ" ಎಂದು ಅವನು ನಕ್ಕ. ಹೌದು, ನಾನು ಕಬ್ಬಿನ ಗಾಣ. ಉರುಳೆಗಳ ಪಕ್ಕದಲ್ಲಿ ಒಂದು ದೊಡ್ಡ ಕೈಚಕ್ರ, ಅದಕ್ಕೆ ಕಟ್ಟಿದ ಗೆಜ್ಜೆ, ಕೆಳಗೆ ನಾಲ್ಕು ಗಾಲಿಯ ಬಂಡಿ. ಕಬ್ಬು ಕೊಟ್ಟರೆ ಹಾಲು ಕೊಡುತ್ತೇನೆ. ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ. ಆದರೂ ನನ್ನ ಮೇಲೊಂದು ಆಪಾದನೆ ಬಂತು, ಅದು ಇವತ್ತಿಗೂ ಕೊರೆಯುತ್ತಿದೆ.

ನನ್ನ ಮೊದಲ ಯಜಮಾನ ಮಸ್ತಾನ್ ಸಾಬ್. ಹೊಸಪೇಟೆ ಬಸ್ ನಿಲ್ದಾಣದ ಹೊರಗೋಡೆಗೆ ಒತ್ತಿ ನನ್ನನ್ನು ನಿಲ್ಲಿಸಿದ. ಸಣಕಲು ಮನುಷ್ಯ, ಮಾತು ಕಡಿಮೆ, ಸಿಟ್ಟು ಜಾಸ್ತಿ. ಬೆಳಗಿನಿಂದ ಸಂಜೆಯವರೆಗೆ ಮೈಭಾರವೆಲ್ಲ ಹಾಕಿ ನನ್ನ ಚಕ್ರ ತಿರುಗಿಸುತ್ತಿದ್ದ, ನಡುನಡುವೆ ತಾನೂ ಒಂದು ಗ್ಲಾಸು ಕುಡಿಯುತ್ತಿದ್ದ. ಕುಡಿದದ್ದು ಬೆವರಾಗಿ ಇಳಿದು ನನ್ನ ಹಲಗೆಯ ಮೇಲೆಯೇ ತೊಟ್ಟಿಕ್ಕುತ್ತಿತ್ತು. ಮೊಣಕಾಲು ಸೋತಾಗ ಜೊತೆಗೆ ದುಡಿಯುತ್ತಿದ್ದ ಹುಲುಗಪ್ಪನಿಗೆ ನನ್ನನ್ನು ಒಪ್ಪಿಸಿ ಮನೆ ಸೇರಿದ.

ಹುಲುಗಪ್ಪ ಬೇರೆ ಥರದವನು. ಬಾಯಿ ತುಂಬ ಮಾತು, ಬಂದವರೆಲ್ಲ ನೆಂಟರು. ಮದುವೆಯಾದ ಹೊಸದರಲ್ಲಿ ಹೆಂಡತಿ ಗಾಳೆಮ್ಮನ ಮುಂದೆ ಒಂದೇ ಕೈಯಲ್ಲಿ ಚಕ್ರ ತಿರುಗಿಸಿ ಪೌರುಷ ತೋರಿಸುತ್ತಿದ್ದ. ಆಮೇಲೆ ಕಾಲ ಬದಲಾಯಿತು. ಪಕ್ಕದ ಬೀಡಾ ಅಂಗಡಿಯಿಂದ ಕರೆಂಟು ಎಳೆದು ನನಗೊಂದು ಮೋಟಾರು ಕೂರಿಸಿದ. ಕೈಚಕ್ರ ಬಿಚ್ಚಿದರು, ಗೆಜ್ಜೆ ಹೋಯಿತು, ಸ್ಟೂಲು ಬಂತು. ಗುಂಡಿ ಒತ್ತಿದರೆ ಸಾಕು, ನಾನು ಗರಗರ ತಿರುಗುತ್ತಿದ್ದೆ, ಅವನು ಕೂತಿರುತ್ತಿದ್ದ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅವನ ಹೊಟ್ಟೆ ನನ್ನ ಹಲಗೆಗೆ ತಾಗತೊಡಗಿತು. ನೀರಿನ ಕೊಡ ಕಾಲಬುಡದಲ್ಲೇ ಇದ್ದರೂ ಅವನ ಕೈ ಕಬ್ಬಿನಹಾಲಿನ ಜಗ್ಗಿಗೇ ಹೋಗುತ್ತಿತ್ತು. "ನಮ್ಮ ಮಾಲು ನಾವೇ ಕುಡೀಲಿಲ್ಲ ಅಂದ್ರ ಜನ ಹೆಂಗ ನಂಬ್ತಾರ?" ಎನ್ನುವುದು ಅವನ ವಾದ.

ಒಂದು ಬೇಸಿಗೆಯಲ್ಲಿ ಅವನಿಗೆ ವಿಪರೀತ ಬಾಯಾರಿಕೆ ಹತ್ತಿತು. ಹೊಸಪೇಟೆಯ ಬಿಸಿಲಲ್ಲಿ ಯಾರಿಗೆ ಬಾಯಾರುವುದಿಲ್ಲ? ಒಂದು ಗ್ಲಾಸು ಕುಡಿದ, ಗಂಟಲು ಮತ್ತೆ ಆರಿತು. ಇನ್ನೊಂದು ಕುಡಿದ, ಇನ್ನಷ್ಟು ಆರಿತು. ಬಾಯಾರಿತು ಅಂತ ಕುಡಿದ, ಕುಡಿದದ್ದಕ್ಕೇ ಬಾಯಾರಿತು. ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಿದ್ದೇವೆಂದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಗಿರಾಕಿಗಳನ್ನು ಬಿಟ್ಟು ಪದೇಪದೇ ಮೂತ್ರಕ್ಕೆ ಗೋಡೆಯ ಹಿಂದೆ ಓಡುತ್ತಿದ್ದ. ಅವನು ಹೋಗಿಬಂದ ಜಾಗಕ್ಕೆ ಇರುವೆ ಮುತ್ತುತ್ತಿದ್ದವು. ಬೇರೆಯವರಾಗಿದ್ದರೆ ಅದನ್ನು ನೋಡಿಯೇ ಎಚ್ಚರಾಗುತ್ತಿದ್ದರು. ಆದರೆ ಕಬ್ಬಿನ ಗಾಣದ ಸುತ್ತ ಇರುವೆ ಬಂದರೆ ಯಾರು ಲೆಕ್ಕಕ್ಕಿಡುತ್ತಾರೆ? ಅಂಗಿ ಸಡಿಲಾದಾಗ ಗಿರಾಕಿಗಳು "ಹೊಟ್ಟಿ ಇಳದೈತಲ್ಲೋ ಹುಲುಗಪ್ಪ!" ಎಂದು ಮೆಚ್ಚಿಕೊಂಡರು. ಅವನು ಹಿರಿಹಿರಿ ಹಿಗ್ಗಿದ.

ಒಂದು ಮಧ್ಯಾಹ್ನ ಊಟದ ಬುತ್ತಿ ತಂದ ಗಾಳೆಮ್ಮ ನೆಲದಲ್ಲಿ ರಕ್ತದ ಹೆಜ್ಜೆ ಕಂಡು ಹೌಹಾರಿದಳು. ಕಬ್ಬಿನ ಸಿಬಿರೊಂದು ಅವನ ಬಲಗಾಲಿನ ಬೆರಳ ಸಂದಿಗೆ ಆಳವಾಗಿ ಚುಚ್ಚಿಕೊಂಡಿತ್ತು. ಅದರ ಮೇಲೆಯೇ ಅವನು ಬೆಳಗಿನಿಂದ ಓಡಾಡಿದ್ದ.

"ನೋಯ್ಲಿಲ್ಲೇನು?" ಎಂದು ಕೇಳಿದಳು.

"ಇಲ್ಲಲ್ಲ" ಎಂದ. ಅವನಿಗೇ ಆಶ್ಚರ್ಯವಾಗಿತ್ತು.

ಅರಿಸಿನ ಮೆತ್ತಿದರು. ಗಾಯ ಮಾಯಲಿಲ್ಲ. ಕಾಲು ಬಾತು, ಬೆರಳು ಕಪ್ಪಾಗಿ, ಕೊನೆಗೆ ಆಸ್ಪತ್ರೆ ಸೇರಿದ. ಗಾಳೆಮ್ಮ ಕಣ್ಣೊರೆಸಿಕೊಳ್ಳುತ್ತಲೇ ನನ್ನನ್ನು ನಡೆಸಿದಳು. ಸುದ್ದಿ ತಿಳಿದು ಮುದುಕ ಮಸ್ತಾನ್ ಸಾಬ್ ಕೋಲೂರಿಕೊಂಡು ಬಂದ.

"ಎರಡು ಬೆರಳು ತೆಗದ್ರು ಮಸ್ತಾನಣ್ಣ" ಎಂದಳು ಗಾಳೆಮ್ಮ. "ಶುಗರ್ ಅಂತ. ಭಾಳ ದಿನದಿಂದ ಇತ್ತಂತ, ಗೊತ್ತಾಗಿಲ್ಲ. ಈ ಗಾಣಾನೇ ನನ್ನ ಮನಿ ಮುರೀತು."

ನನ್ನ ಉರುಳೆಗಳು ಅಲ್ಲೇ ಬಿಗಿದುಕೊಂಡಂತಾಯಿತು.

"ಅದೆಂಗ ಆಗ್ತೈತವ್ವ?" ಎಂದ ಮುದುಕ. "ನಾನೂ ಜೀವಮಾನ ಪೂರ್ತಿ ಇದರ ಹಾಲೇ ಕುಡಿದೆ. ನನಗ್ಯಾಕ ಬರ್ಲಿಲ್ಲ?"

"ನಾನೂ ಡಾಕ್ಟರಮ್ಮಗ ಅದನ್ನೇ ಕೇಳಿದೆ. ಸಕ್ರಿ ತಿಂದ ಮಾತ್ರಕ್ಕ ಬರೋದಲ್ಲಂತ. ಸಿಹಿ ಮುಟ್ಟದವರಿಗೂ ಬರ್ತೈತಂತ. ಇವರವ್ವಗ ಇತ್ತಲ್ಲ, ಆ ರಕ್ತ ಐತಿ. ಮ್ಯಾಲೆ ಹೊಟ್ಟಿ ಬಂತು, ಕುಂತಲ್ಲೇ ಕುಂತ್ರು. ಅಷ್ಟು ಸಾಲದು ಅಂತ ದಿನಾ ಸಿಹಿನೀರು ಸುರಕೊಂಡ್ರ, ಬರೋ ಬ್ಯಾನಿಗೆ ಬಾಗಿಲು ತಗದು ಕೊಟ್ಟಂಗ ಅಂದ್ರು."

ಮಸ್ತಾನ್ ಸಾಬ್ ನನ್ನ ಮೋಟಾರನ್ನು ಕೋಲಿನಿಂದ ಕುಟ್ಟಿ ಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನದು ಅದೇ ಪಾಡು. ಅವಳು ಹೇಳಿದ್ದರಲ್ಲಿ ನನ್ನ ಪಾಲೆಷ್ಟು? ಬಾಗಿಲು ತೆಗೆದವನು ನಾನೇ ಏನು? ಕಬ್ಬು ಅರೆಯುತ್ತಾ ಅದನ್ನೇ ಅರೆದೆ.

ಹುಲುಗಪ್ಪ ಗುಳಿಗೆಯ ಚೀಲ ಹಿಡಿದು, ಬಲಗಾಲಿಗೆ ಮೆತ್ತನೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು ಮರಳಿ ಬಂದ. ಯಾರಾದರೂ ಕೇಳಿದರೆ "ಕಾಲ ಮ್ಯಾಲೆ ಬಂಡಿ ಗಾಲಿ ಹರೀತು" ಎನ್ನುತ್ತಿದ್ದ. ನಿಜ ಹೇಳುವುದು ಹೇಗೆ? ಕಬ್ಬಿನಹಾಲು ಮಾರುವವನಿಗೇ ಶುಗರ್ ಅಂತ ತಿಳಿದರೆ ಯಾರು ಅವನ ಕೈಯಿಂದ ಗ್ಲಾಸು ತಗೊಳ್ಳುತ್ತಾರೆ? ಮನೆಯ ಒಲೆ ಉರಿಯುವುದು ನನ್ನಿಂದಲೇ. ಹೀಗೆ ಅವನು ಗುಟ್ಟು ಮಾಡಿದ, ತಾನು ನೀರು ಕುಡಿದ, ಊರಿಗೆ ಹಾಲು ಕುಡಿಸಿದ. ಆದರೆ ಮೊದಲಿನ ಮಾತಿಲ್ಲ, ನಗೆಯಿಲ್ಲ. ಗ್ಲಾಸು ಕೊಡುವಾಗಲೆಲ್ಲ ಗಿರಾಕಿಯ ಮುಖವನ್ನು ಕಳ್ಳಗಣ್ಣಿನಿಂದ ನೋಡುತ್ತಿದ್ದ.

ಕೊಟ್ರಯ್ಯ ಅಂತ ಒಬ್ಬ ಕಂಡಕ್ಟರ್. ನಮ್ಮ ಹಳೆಯ ಗಿರಾಕಿ, ಜಂಗಮರವನು. ಊರಕಡೆಯ ಮುದುಕಿಯರು ಬಸ್ಸಿಳಿಯುವಾಗ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿಯೇ ಹೋಗುತ್ತಿದ್ದರು. ಮರುವರ್ಷ ಬಿಸಿಲೇರುತ್ತಿದ್ದಂತೆ ಅವನು ಎರಡು ಗ್ಲಾಸು ಕುಡಿದು ಮೂರನೆಯದಕ್ಕೆ ಕೈ ಚಾಚಿದ.

"ಇನ್ನೊಂದು ಹಾಕೋ. ಏನು ಕುಡಿದ್ರೂ ಗಂಟಲು ಆರ್ತೈತಿ. ಹತ್ತು ಮೈಲಿಗೊಮ್ಮೆ ಬಸ್ ನಿಲ್ಲಸಂಗ ಆಗೇತಿ, ಡ್ರೈವರ್ ಬಯ್ತಾನ."

ಗುಂಡಿಯ ಮೇಲಿದ್ದ ಹುಲುಗಪ್ಪನ ಬೆರಳು ನಿಂತಿತು. ನನ್ನೊಳಗೆ ಅರ್ಧ ಕಬ್ಬು ಸಿಕ್ಕಿಕೊಂಡಿತ್ತು.

"ಸಾಹೇಬ್ರ, ಇದು ಬ್ಯಾಡ. ನೀವು ಮೊದ್ಲು ರಕ್ತ ತೋರಸ್ರಿ."

"ಯಾಕ, ರೊಕ್ಕ ಕೊಡಲ್ಲ ಅಂದ್ನೇನು?"

"ರೊಕ್ಕದ ಮಾತಲ್ರಿ. ನನಗೂ ಹಿಂಗೇ ಆಗಿತ್ರಿ."

"ನಿನಗೇನಾಗೇತಿ? ಗುಂಡಕಲ್ಲಿನಂಗ ಇದ್ದಿ. ಹಾಕಲೇ!"

ಸುತ್ತ ಗಿರಾಕಿಗಳಿದ್ದರು. ಹೇಳಬೇಡ ಹುಲುಗಪ್ಪ, ಕೊಟ್ಟು ಕಳಿಸು, ಎಂದು ನಾನು ಒಳಗೇ ಚಡಪಡಿಸಿದೆ. ನನ್ನ ಸ್ವಾರ್ಥ ನನಗೆ. ಅವನು ಸ್ಟೂಲಿನ ಮೇಲೆ ಕೂತ, ಬೂಟು ಬಿಚ್ಚಿದ, ಎರಡು ಬೆರಳಿಲ್ಲದ ಕಾಲನ್ನು ಮೇಲೆತ್ತಿ ಎಲ್ಲರೆದುರು ತೋರಿಸಿದ.

"ಗಾಲಿ ಹರಿದಿದ್ದಲ್ರಿ. ಶುಗರ್. ಬಾಯಾರ್ತು ಅಂತ ಇದನ್ನೇ ಕುಡಕೊಂತ ಕುಂತಿದ್ದೆ."

ಕೊಟ್ರಯ್ಯನ ಮುಖ ಕೆಂಪಾಯಿತು. "ನನಗ ಕಾಲೆತ್ತಿ ತೋರಸ್ತಿಯೇನು? ನನಗ?" ಎಂದು ಗ್ಲಾಸು ಕುಕ್ಕಿ, ಎದುರಿನ ಇನ್ನೊಂದು ಕಬ್ಬಿನಹಾಲಿನ ಬಂಡಿಗೆ ಹೋಗಿ ಅಲ್ಲಿ ಮೂರನೆಯ ಗ್ಲಾಸು ಕುಡಿದ. ನಮ್ಮ ಗಿರಾಕಿಗಳಲ್ಲಿ ಒಬ್ಬೊಬ್ಬರೇ ಅರ್ಧ ಕುಡಿದದ್ದನ್ನು ಹಲಗೆಯ ಮೇಲಿಟ್ಟು ಜಾರಿಕೊಂಡರು.

ಸುದ್ದಿಗೆ ಕಾಲು ಬಂತು. ವ್ಯಾಪಾರ ಬಿತ್ತು. ಹುಲುಗಪ್ಪನಿಗೋ ಹುಚ್ಚು ಹತ್ತಿದಂತಾಯಿತು. ಬಂದ ನಾಲ್ಕು ಜನರನ್ನೂ ಬಿಡದೆ "ರಾತ್ರಿ ಎಷ್ಟು ಸಲ ಏಳ್ತೀರಿ?" "ನಿಮ್ಮಪ್ಪಗ ಇತ್ತೇನ್ರಿ?" ಎಂದು ಕೇಳತೊಡಗಿದ. ದಣಿದು ಬಂದವರಿಗೆ ಒಂದು ಗ್ಲಾಸು ತಂಪು ಬೇಕೇ ಹೊರತು ಪಾಟೀಸವಾಲು ಬೇಕೇ? ಗಾಳೆಮ್ಮ ಮೊದಲು ಬೈದಳು, ಆಮೇಲೆ ಬೈಯುವುದನ್ನು ಬಿಟ್ಟಳು. ಅವನ ಕಣ್ಣು ಮಾತ್ರ ಕೊಟ್ರಯ್ಯನ ಬಸ್ಸಿನ ಮೇಲೆಯೇ. ಕೊಟ್ರಯ್ಯ ಆ ಕಡೆ ಮುಖ ಮಾಡಿ ದಾಟಿಹೋಗುತ್ತಿದ್ದ. ಆಮೇಲೆ ಕೆಲವು ದಿನ ಅವನೇ ಕಾಣಲಿಲ್ಲ. ಆ ದಿನಗಳಲ್ಲಿ ಹುಲುಗಪ್ಪ ಸರಿಯಾಗಿ ಊಟ ಮಾಡಲಿಲ್ಲ.

ಕೊನೆಗೆ ಗಾಳೆಮ್ಮನೇ ನಿರ್ಧರಿಸಿದಳು. ಬಂಡಿ ಇರಲಿ, ಅದರ ಮೇಲೆ ಮಜ್ಜಿಗೆ ಮಾರೋಣ, ಗಾಣ ಗುಜರಿಗೆ ಹೋಗಲಿ ಎಂದಳು.

ಈಗ ನಾನು ಗುಜರಿಯವನ ಹಿತ್ತಿಲಲ್ಲಿ, ಮುರಿದ ಫ್ಯಾನು, ಸೊಟ್ಟ ಸೈಕಲ್ಲುಗಳ ನಡುವೆ ತುಕ್ಕು ಹಿಡಿಯುತ್ತಿದ್ದೇನೆ. ಡಾಕ್ಟರಮ್ಮನ ಮಾತನ್ನು ಎಷ್ಟು ತಿರುವಿದರೂ ಎರಡೇ ಉತ್ತರ ಬರುತ್ತದೆ. ನಾನೊಬ್ಬನೇ ಮಾಡಿದ್ದಲ್ಲ. ನಾನೇನೂ ಮಾಡಲಿಲ್ಲ ಅನ್ನುವಂತೆಯೂ ಇಲ್ಲ. ಮೊದಲನೆಯದನ್ನು ಹಿಡಿದು ಸಮಾಧಾನ ಮಾಡಿಕೊಳ್ಳಲು ಹೋದರೆ ಎರಡನೆಯದು ಬಂದು ಚುಚ್ಚುತ್ತದೆ. ಆದರೆ ಬಸ್ ನಿಲ್ದಾಣದಲ್ಲಿ ನಾನು ಕಂಡ ಕಡೆಯ ನೋಟವನ್ನು ಹೇಳಿಬಿಡುತ್ತೇನೆ.

ಗುಜರಿಯವನ ಟೆಂಪೋಗೆ ನನ್ನನ್ನು ಹಗ್ಗ ಹಾಕಿ ಬಿಗಿಯುತ್ತಿದ್ದರು. ಕೊಟ್ರಯ್ಯ ಬಂದ. ಸ್ವಲ್ಪ ಸೊರಗಿದ್ದ.

"ನಿನಗಿದ್ದದ್ದೇ ನನಗೂ ಐತಂತಲೇ" ಎಂದ. "ಆದ್ರ ಕಾಲಿಗೆ ಇನ್ನೂ ಏನೂ ಆಗಿಲ್ಲ. ಟೈಮಿಗೆ ಬಂದ್ರಿ ಅಂದ್ರು."

ಹುಲುಗಪ್ಪನ ಕಣ್ಣಲ್ಲಿ ನೀರು ಬಂತು.

"ಗಾಯ ಆದ್ರೂ ನೋವು ಗೊತ್ತಾಗಲ್ಲಂತ, ದಿನಾ ಅಂಗಾಲು ನೋಡ್ಕೋಬೇಕಂತ. ನಿನ್ನ ಅಂಗಾಲು ಯಾರು ನೋಡ್ತಾರ?"

"ಅಂಗಾಲು ಕಾಣುವಷ್ಟು ಬಗ್ಗಾಕ ನನಗ ಆಗಲ್ರಿ. ಅಕಿ ನೆನಪಾದಾಗ ನೋಡ್ತಾಳ."

ಕೊಟ್ರಯ್ಯ ಟಿಕೆಟ್ ಚೀಲವನ್ನು ಬೆನ್ನಿಗೆ ಸರಿಸಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತ. "ಎತ್ತು ಕಾಲು."

"ಬ್ಯಾಡ್ರಿ ಅಯ್ಯನವ್ರ, ಪಾಪ ಬರ್ತೈತಿ ನನಗ" ಎಂದು ಹುಲುಗಪ್ಪ ಹಿಂದೆ ಸರಿದ.

"ಎತ್ತಲೇ, ಬಸ್ಸಿಗೆ ಹೊತ್ತಾತು" ಎಂದು ಗದರಿ, ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೊಟ್ರಯ್ಯ ಬೂಟಿನ ಲಾಡಿ ಬಿಚ್ಚತೊಡಗಿದ.