ಮುಂದಿನವನೇ ಗಿರಾಕಿ

೧೯೭೯ರಲ್ಲಿ ನಾನು ಶೇಗಾಂವದ ಕಂಬಳಿ ಸೊಸೈಟಿಯ ಮ್ಯಾನೇಜರ್. ಸಾಂಗಲಿಯ ಆಸ್ಪತ್ರೆಯೊಂದಕ್ಕೆ ಕಳಿಸಿದ ಅರವತ್ತು ಕಂಬಳಿಗಳಲ್ಲಿ ಹದಿನೆಂಟು ವಾಪಸು ಬಂದಿದ್ದವು, ನೂಲೆಲ್ಲ ಗಂಟುಗಂಟು. ಮುಂದಿನ ಅರವತ್ತೂ ಹೀಗೇ ಆದರೆ ಆರ್ಡರು ರದ್ದು, ನಮ್ಮ ನಾಲ್ಕೂ ಮಗ್ಗ ಬಂದ್.

ಆ ವಾರ ಪತ್ರಿಕೆಯಲ್ಲಿ ಓದಿದೆ: ಚೀನಾದ ಕಾರ್ಖಾನೆಗಳು ಹೊಸ ಪದ್ಧತಿ ಹಿಡಿದಿವೆಯಂತೆ. ಅಲ್ಲಿ ಪ್ರತಿ ಕೆಲಸಗಾರನೂ ತನ್ನ ಮುಂದಿನವನನ್ನೇ ಗಿರಾಕಿ ಎಂದು ತಿಳಿದು ಚೊಕ್ಕ ಮಾಲು ಕೊಡಬೇಕು. ಬಿ.ಎಸ್ಸಿ. ಮಾಡಿದ ನನಗೆ ಇಷ್ಟು ಸಾಕಿತ್ತು. ಮರುದಿನವೇ ಎಲ್ಲರನ್ನೂ ಕೂಡಿಸಿ ಹೇಳಿದೆ.

ನೇಕಾರ ಗೊಲ್ಲಾಳಪ್ಪ ಎದ್ದು ನಿಂತ. “ಅಂದ್ರ ನಾ ಬೀರವ್ವಕ್ಕನ ಗಿರಾಕಿ ಏನ್ರಿ ಸಾಹೇಬ್ರ?”

“ಹೌದು.”

ನಾನು ಎಡವಿದ್ದು ಅಲ್ಲಿಯೇ. ಜತ್ತದ ಪೇಟೆಯಲ್ಲಿ ಗಿರಾಕಿ ಹೇಗಿರುತ್ತಾನೆಂಬುದು ಗೊಲ್ಲಾಳಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಮಗ್ಗದ ಕುಣಿಯಿಂದ ಎದ್ದು ಬಂದು, ನೂಲುವ ಬೀರವ್ವನ ಎದುರು ಕಾಲು ಮಡಚಿ ಕುಳಿತು, ಮೊದಲು ಚಹಾ ಕೇಳಿದ.

“ಇದ ಬ್ಯಾಡ. ಬ್ಯಾರೆ ತೋರ್ಸಬೇ ಯಕ್ಕಾ.”

“ಎಲ್ಲಾ ಒಂದ ಹಿಂಡಿಂದು, ತಮ್ಮಾ.”

“ಹಂಗಾರ ಮುಂದಿನ ಅಂಗಡಿಗಿ ಹೊಂಟೆ.”

“ಹೋಗಪಾ! ಇಂಥಾ ಗಿರಾಕಿ ಭಾಳ ನೋಡೇನಿ.”

ಮಧ್ಯಾಹ್ನದವರೆಗೆ ಒಂದು ಗೇಣೂ ನೇಯಲಿಲ್ಲ. ಆದರೆ ಚೌಕಾಶಿಯ ಭರದಲ್ಲಿ ಗೊಲ್ಲಾಳಪ್ಪ ನೂಲು ಬಿಚ್ಚಿ ಒಂದೊಂದೇ ಗಂಟು ತೋರಿಸಿದ. ಇಷ್ಟು ದಿನ ಅವನ್ನು ಕಂಡೂ ಸುಮ್ಮನೆ ನೇಯ್ದಿದ್ದ. ಬೀರವ್ವ ಸಿಟ್ಟಿಗೆದ್ದು, ಉಣ್ಣೆಯ ಬುಟ್ಟಿ ಹೊತ್ತು, ಕುರುಬ ಅಮೋಗಸಿದ್ದನ ದೊಡ್ಡಿಗೆ ನಡೆದಳು. ನಾನೂ ಹಿಂದೆ ಓಡಿದೆ.

“ಹಸಿ ಉಣ್ಣಿ ಕೊಡ್ತೀಯಲ್ಲೋ, ಹಿಂಜಿದ್ರ ಮುದ್ದಿ ಆಗ್ತದ! ನಾ ನಿನ್ನ ಗಿರಾಕಿ, ತಿಳೀತಿಲ್ಲೊ?”

ಅಮೋಗಸಿದ್ದ ನನ್ನ ಕಡೆ ನೋಡಿದ. “ಕುರಿ ತೊಳದ ಮ್ಯಾಲ ಎರಡ ದಿನಾ ಬಿಸಿಲಾಗ ಮೇಸೂದು ನಮ್ಮ ರೂಢಿ. ಗುರುವಾರ ತೊಳಿ, ಶುಕ್ರವಾರ ಕತ್ತರಸು ಅಂತ ಗ್ವಾಡಿಗಿ ಕಾಗದಾ ಹಚ್ಚಿದವ್ರು ಯಾರ್ರಿ?”

ಕಾಗದ ನನ್ನದೇ. ಒಂದು ದಿನ ಉಳಿಯಲೆಂದು ಮಾಡಿದ ವೇಳಾಪಟ್ಟಿ.

ಉಣ್ಣೆ ಒಣಗಿಸಿ ಹೊಸದಾಗಿ ನೂಲಲು ಗಡುವು ಸಾಲದಾಯಿತು. “ಮಳಿ ಬಂತು ಅಂತ ಆಸ್ಪತ್ರಿಗಿ ಬರೀರಿ,” ಎಂದರು ಸೊಸೈಟಿಯ ಚೇರ್ಮನ್ನರು. ನಾನು ನನ್ನ ತಪ್ಪನ್ನೇ ಬರೆದು ಇನ್ನೂ ಎಂಟು ದಿನ ಕೇಳಿದೆ. ಆಸ್ಪತ್ರೆ ಕೊಟ್ಟಿತು.

ಆರ್ಡರು ಉಳಿಯಿತು. ಅರವತ್ತರಲ್ಲಿ ಒಂದೇ ಒಂದು ವಾಪಸು ಬಂತು. ಅದರ ಮೂಲೆಯನ್ನು ಇಲಿ ಕಡಿದಿತ್ತು. ಇದು ಯಾರ ತಪ್ಪೆಂದು ತೀರ್ಮಾನಿಸಲು ಮೂವರೂ ನನ್ನ ಮೇಜಿನ ಸುತ್ತ ಕುಳಿತರು.

“ಗೋದಾಮಿನ ಕೀಲಿ ಯಾರ ಹಂತ್ಯಾಕ ಇರ್ತದ?” ಬೀರವ್ವ ಕೇಳಿದಳು.

ಕೀಲಿ ನನ್ನ ಕಿಸೆಯಲ್ಲಿತ್ತು.