ಬೆಡ್‌ಶೀಟಿನ ಇನ್ನೊಂದು ತುದಿ

ಮಾನವಶಾಸ್ತ್ರ ಓದುತ್ತೇನೆಂದು ಅವಳು ಹಟ ಹಿಡಿದಾಗ ಮನೆಯಲ್ಲಿ ನಕ್ಕವರೇ ಹೆಚ್ಚು. “ಮನುಷ್ಯರನ್ನ ನೋಡೋಕೆ ಯೂನಿವರ್ಸಿಟಿ ಯಾಕಮ್ಮಾ? ಬಸ್ ಸ್ಟಾಪಲ್ಲಿ ನಿಂತ್ಕೊಂಡ್ರೆ ಸಾಕಲ್ಲ!” ಎಂದು ಸೋದರಮಾವ ಕಾಲೆಳೆದ. ಚಿಕ್ಕಂದಿನಿಂದಲೂ ಕಣ್ಣು ಮಿಟುಕಿಸದೆ ಎಲ್ಲರನ್ನೂ ದಿಟ್ಟಿಸುತ್ತಿದ್ದುದಕ್ಕೆ ಗೂಬೆ ಎಂಬ ಅಡ್ಡಹೆಸರು ಅವಳಿಗೆ ಅಂಟಿಕೊಂಡಿತ್ತು. ಅವಳ ಪರ ನಿಂತವಳು ದೊಡ್ಡಮ್ಮ ಒಬ್ಬಳೇ. ತಾಯಿಯಿಲ್ಲದ ಗೂಬೆಯನ್ನು ಸಾಕಿದವಳೂ ಅವಳೇ. “ನೋಡೋದು ಅವಳಿಗೆ ಚೆನ್ನಾಗಿ ಬರುತ್ತೆ. ಬರೋದನ್ನೇ ಓದ್ಲಿ ಬಿಡ್ರಪ್ಪ,” ಎಂದು ಎಲ್ಲರ ಬಾಯಿ ಮುಚ್ಚಿಸಿದ್ದಳು.

ಓದೇನೋ ಮುಗಿಯಿತು, ಕೆಲಸದ ಸುದ್ದಿಯೇ ಇಲ್ಲ. ಮ್ಯೂಸಿಯಂನವರು ಅನುಭವ ಕೇಳಿದರು. ಅನುಭವವೇನು ಅಂಗಡಿಯಲ್ಲಿ ಸಿಗುತ್ತದೆಯೇ? ಕೊನೆಗೆ ಒಂದು ಸಲಹಾ ಕಂಪನಿ ಕರೆಯಿತು. ಅಂಕಿ ಅಂಶಕ್ಕೆ ಸಿಗದ್ದು ನಿಮ್ಮಂಥವರ ಕಣ್ಣಿಗೆ ಸಿಗುತ್ತದೆ ಎಂದು ಅವಳನ್ನು ಅಟ್ಟಕ್ಕೇರಿಸಿದರು. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೂತು, ಕೆಲಸ ಹೇಗೆ ನಡೆಯುತ್ತದೆಂದು ನೋಡಿ ಬಂದು ಹೇಳಬೇಕು. ಚೆನ್ನಾಗಿ ಮಾಡಿದರೆ ನೌಕರಿ ಖಾಯಂ. ಆ ಲಾಂಡ್ರಿಯಲ್ಲಿ ದೊಡ್ಡಮ್ಮ ಕೆಲಸಕ್ಕಿದ್ದಾಳೆಂದು ಸಂದರ್ಶನದಲ್ಲಿ ಬಾಯಿಬಿಟ್ಟವಳು ಗೂಬೆಯೇ. ಕರೆದದ್ದೂ ಅದಕ್ಕೇ ಇರಬೇಕು.

ಲಾಂಡ್ರಿ ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಬಿಸಿ ಹಬೆ, ಸೋಪಿನ ಘಾಟು, ಮೆಷಿನ್‌ಗಳ ಗುಡುಗುಡು. ಅವಳು ಮೂಲೆಯಲ್ಲಿ ಸ್ಟೂಲ್ ಹಾಕಿ ಕೂತದ್ದೇ ಹೆಂಗಸರ ಮಾತು ನಿಂತುಹೋಯಿತು.

“ಮುಖ ಯಾಕೆ ಗಂಟು ಹಾಕ್ಕೋತೀರಾ? ನಮ್ಮ ಹುಡುಗಿ ಕಣ್ರೇ, ನಾನೇ ಸಾಕಿದ್ದು,” ಎಂದಳು ದೊಡ್ಡಮ್ಮ.

ಅಷ್ಟು ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಗಂಡಂದಿರ ಗೊರಕೆಯ ಕತೆಗಳೂ ಹೊರಬಂದವು.

ಆದರೆ ಗೂಬೆಯ ಕಣ್ಣಿಗೆ ಬಿದ್ದದ್ದು ಬೇರೆಯೇ. ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚದ ಒಬ್ಬ ಹಿರಿಯಳು ಅಲ್ಲಿದ್ದಳು. ಎಲ್ಲರಿಗೂ ಅವಳು ರೇಡಿಯೋ ಅಕ್ಕ. ಕಲೆಯಾದ ಬಟ್ಟೆ ಬೇರೆ ಮಾಡುವ ಮೇಜಿಗೆ ಅವಳ ಸರದಿ ಬಂದಾಗಲೆಲ್ಲ ಯಾರಾದರೊಬ್ಬರು ಸದ್ದಿಲ್ಲದೆ ಅವಳ ಜಾಗಕ್ಕೆ ಸರಿಯುತ್ತಿದ್ದರು. ಅವಳು ದಿನವಿಡೀ ದೊಡ್ಡಮ್ಮನ ಎದುರು ನಿಂತು ಬೆಡ್‌ಶೀಟ್ ಮಡಿಸುತ್ತಿದ್ದಳು. ದೊಡ್ಡಮ್ಮ ತನ್ನ ತುದಿಯನ್ನು ಸಣ್ಣಗೆ ಜಗ್ಗುವಳು. ಜಗ್ಗಿದ ಕಡೆಗೆ ಅವಳು ನಡೆದುಬರುವಳು. ರೇಡಿಯೋ ಅಕ್ಕನಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ಸೂಪರ್‌ವೈಸರ್‌ಗೆ ವರ್ಷಗಳಿಂದ ಇದರ ಸುಳಿವೇ ಸಿಕ್ಕಿರಲಿಲ್ಲ.

ಗೂಬೆಗೆ ಎದೆ ತುಂಬಿಬಂತು. ತಾನು ಓದಿದ್ದು ಇದಕ್ಕೇ ಅಲ್ಲವೇ! ಪ್ರೊಫೆಸರ್ ಕೇಳಿದ್ದರೆ ಕುರ್ಚಿ ಬಿಟ್ಟು ಎದ್ದೇಬಿಡುತ್ತಿದ್ದರು. ಅವರು ತಲೆಗೆ ತುಂಬಿದ್ದ ಮೊದಲ ಪಾಠವನ್ನೂ ಅವಳು ಮರೆಯಲಿಲ್ಲ: ನಂಬಿ ಒಳಗೆ ಬಿಟ್ಟುಕೊಂಡವರ ಹೆಸರು ಹೇಳಬಾರದು.

ಹಾಗಾಗಿ ಕಂಪನಿಯ ಮೀಟಿಂಗಿನಲ್ಲಿ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದಳು. “ಒಬ್ಬರಿಗೆ ಆಗದ ಕೆಲಸಾನ ಮಿಕ್ಕವರು ಹಂಚ್ಕೊಂಡು ಮಾಡ್ತಾರೆ ಸರ್. ಯಾರೂ ಹೇಳಿಲ್ಲ, ಅವರಾಗೇ ಮಾಡ್ತಾರೆ.”

ಮ್ಯಾನೇಜರ್ ಮೈಯೆಲ್ಲ ಕಿವಿಯಾಗಿ ಕೇಳಿದ. “ಅಂದ್ರೆ ಒಬ್ಬರು ಕಮ್ಮಿ ಆದ್ರೂ ಕೆಲಸ ನಡೆಯುತ್ತೆ ಅಂತಾಯ್ತು.”

“ಹಾಗಲ್ಲ ಸರ್. ನಾನು ಹೇಳಿದ್ದು...”

“ನೀವು ಹೇಳಿದ್ದು ಅರ್ಥ ಆಯ್ತು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ್ದನ್ನ ನೋಡಿದ್ದೀರಿ. ನಿಮ್ಮ ಕೆಲಸ ಪಕ್ಕಾ.”

ಮನೆಗೆ ಬಂದು ಹೇಳಬೇಕಾದ್ದರಲ್ಲಿ ಅರ್ಧ ಮಾತ್ರ ಹೇಳಿದಳು. ಕೆಲಸ ಪಕ್ಕಾ ಎಂದದ್ದೇ ತಡ, ದೊಡ್ಡಮ್ಮ ಕುಣಿಯುವುದೊಂದು ಬಾಕಿ. ಉಳಿದರ್ಧ ಹೇಳಲು ಗೂಬೆಗೆ ನಾಲಗೆಯೇ ಏಳಲಿಲ್ಲ. ಹೇಡಿ! ಹೇಳಿದ್ದರೆ ಆ ಹೆಂಗಸರು ಏನಾದರೂ ದಾರಿ ಹುಡುಕಿಕೊಳ್ಳುತ್ತಿದ್ದರೋ ಏನೋ.

ಮರುದಿನ ದೊಡ್ಡಮ್ಮ ಲಾಂಡ್ರಿಯಲ್ಲಿ ಸಿಹಿ ಹಂಚಿದಳು. ರೇಡಿಯೋ ಅಕ್ಕ ಎರಡು ತಿಂದು, ಹುಡುಗಿ ಸಾವಿರ ಕಾಲ ಚೆನ್ನಾಗಿರಲಿ ಎಂದು ಹರಸಿದಳಂತೆ. ಹರಸಿದ ಬಾಯಿಯ ಸಿಹಿ ಆರುವ ಮೊದಲೇ ಸೂಪರ್‌ವೈಸರ್ ಬಂದ. ಹೆಸರು ಅವನಿಗೆ ಬೇಕಾಗಲೇ ಇಲ್ಲ. ಒಬ್ಬೊಬ್ಬರನ್ನೇ ಕಲೆ ಬಟ್ಟೆಯ ಮೇಜಿನ ಮುಂದೆ ನಿಲ್ಲಿಸಿದ, ಅಷ್ಟೇ.

ರೇಡಿಯೋ ಅಕ್ಕನನ್ನು ಕೆಲಸದಿಂದ ತೆಗೆದ ಸುದ್ದಿ ಕಿವಿಗೆ ಬಿದ್ದೊಡನೆ ಗೂಬೆ ನೆಲಮಾಳಿಗೆಗೆ ಓಡಿದಳು. ಯಾರೂ ತಲೆ ಎತ್ತಲಿಲ್ಲ. ಮೆಷಿನ್ ಬಿಟ್ಟರೆ ಬೇರೆ ಸದ್ದಿಲ್ಲ. ದೊಡ್ಡಮ್ಮ ಒಬ್ಬಳೇ ಬೆಡ್‌ಶೀಟ್ ಮಡಿಸುತ್ತಿದ್ದಳು. ಅದರ ಇನ್ನೊಂದು ತುದಿ ನೆಲ ಗುಡಿಸುತ್ತಿತ್ತು. ಗೂಬೆ ಬಗ್ಗಿ ಅದನ್ನೆತ್ತಿಕೊಂಡಳು.

“ನಾನು ಹಿಡ್ಕೋತೀನಿ ದೊಡ್ಡಮ್ಮ.”

“ನಿನ್ನ ಕೆಲಸ ನೋಡೋದಲ್ವಾ? ಸ್ಟೂಲ್ ಅಲ್ಲೇ ಇದೆ. ಕೂತ್ಕೊಂಡು ನೋಡು.”

ಆಮೇಲೆ ಸಣ್ಣಗೆ, ರೇಡಿಯೋ ಅಕ್ಕನಿಗೆ ಜಗ್ಗುತ್ತಿದ್ದಷ್ಟೇ ಸಣ್ಣಗೆ, ದೊಡ್ಡಮ್ಮ ಬೆಡ್‌ಶೀಟನ್ನು ಜಗ್ಗಿದಳು. ಗೂಬೆ ತುದಿಯನ್ನು ಬಿಟ್ಟುಬಿಟ್ಟಳು.